ಒಟಕರ್ ಮಾವನ ಇಪ್ಪತ್ತೇಳು ನೋಟ್‌ಬುಕ್ಕುಗಳು

ನನ್ನ ಸೋದರಮಾವ ಒಟಕರ್, ಜರ್ಮನಿಯ ನೆರೆನಾಡಿನ ಬ್ರನೋ ನಗರದ ಉಣ್ಣೆ ಗಿರಣಿಯಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದವರ ಮಗ. ಮೊದಲ ಮಹಾಯುದ್ಧದಿಂದ ಕುಂಟುತ್ತ ಮರಳಿದವನು ಗಿರಣಿಗೆ ಹೋಗದೆ ಪತ್ರಿಕೆ ಸೇರಿದ. ಹದಿನೆಂಟು ವರ್ಷ ಮೂರನೇ ದರ್ಜೆಯ ರೈಲುಗಳಲ್ಲಿ ಜರ್ಮನಿಯನ್ನೆಲ್ಲ ಸುತ್ತಿದ. ಮಂತ್ರಿಗಳ ಭಾಷಣ ಅವನಿಗೆ ಬೇಕಿರಲಿಲ್ಲ. ಹ್ಯಾಂಬರ್ಗಿನ ಹಮಾಲಿ, ಲೈಪ್‌ಜಿಗ್‌ನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವವನು, ಹೀಗೆ ಯಾರ ಅಡುಗೆಮನೆಯಲ್ಲಿ ಕೂತು ಸೂಪು ಕುಡಿದನೋ ಅವರ ಹೆಸರು, ಬೀದಿ, ಸರ್ಕಾರದ ಬಗ್ಗೆ ಅವರಾಡಿದ ಮಾತು ಎಲ್ಲವನ್ನೂ ಬರೆದಿಡುತ್ತಿದ್ದ. ಪತ್ರಿಕೆಯಲ್ಲಿ ಅವರ ಹೆಸರು ಬರುತ್ತಿರಲಿಲ್ಲ, ನೋಟ್‌ಬುಕ್ಕಿನಲ್ಲಿ ಮಾತ್ರ ಇರುತ್ತಿತ್ತು.

೧೯೩೮ರ ಬೇಸಿಗೆಯಲ್ಲಿ ಅವನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ನೆನಪೂ ಅರ್ಧ ಅಳಿಸಿಹೋಯಿತು. ಅವನ ಹೆಂಡತಿ ವ್ಲಾಸ್ತಾ ಅತ್ತೆ ದಿನಾ ಕಾಫಿಯಾದ ಮೇಲೆ ಆ ನೋಟ್‌ಬುಕ್ಕುಗಳಿಂದ ಒಂದಷ್ಟು ಪುಟ ಓದಿ ಹೇಳುತ್ತಿದ್ದಳು.

"ನಿನ್ನ ಅಕ್ಷರಾನೋ, ಕೋಳಿ ಕೆದರಿದ ಹಾಗಿದೆ."

"ಇಪ್ಪತ್ತು ವರ್ಷದಿಂದ ಓದ್ತಿದೀಯಲ್ಲ, ನೀನೂ ಕೋಳಿನೇ," ಎಂದು ಮಾವ ತೊದಲುತ್ತ ನಗುತ್ತಿದ್ದ. ಅವಳು ಓದುವಾಗ ಅವನ ಕಣ್ಣುಗಳು ಹೊಳೆಯುತ್ತಿದ್ದವು. ಹೋದ ಊರುಗಳೆಲ್ಲ ಮತ್ತೆ ಅವನ ಕೈಗೆ ಸಿಗುತ್ತಿದ್ದವು.

ಮರುವರ್ಷ ಮಾರ್ಚ್‌ನಲ್ಲಿ, ಹಿಮ ಬೀಳುತ್ತಿದ್ದ ದಿನ, ಜರ್ಮನ್ ಸೈನ್ಯ ನಮ್ಮ ಬೀದಿಗೆ ಬಂತು. ಅದೇ ವಾರ ಮಾವನ ಪತ್ರಿಕೆಯ ಇಬ್ಬರನ್ನು ಎಳೆದೊಯ್ದರು.

ನೋಟ್‌ಬುಕ್ಕು ಸಿಕ್ಕಿದರೆ ಅದರಲ್ಲಿದ್ದವರನ್ನೂ ಎಳೆದೊಯ್ಯುತ್ತಾರೆಂದು ಅತ್ತೆ ಕತ್ತರಿ ಹಿಡಿದು ಕೂತಳು. ಹೆಸರು ಕತ್ತರಿಸಿದರೆ ಬೀದಿ ಉಳಿಯುತ್ತಿತ್ತು. ಬೀದಿ ತೆಗೆದರೆ ಆ ಮನೆಯ ಕುರುಡಿ ಮಗಳು ಗುರುತಾಗಿ ಉಳಿಯುತ್ತಿದ್ದಳು.

"ಈ ಅಕ್ಷರ ಓದೋದು ಅವರಿಂದಾಗಲ್ಲ ಅತ್ತೆ," ಎಂದೆ.

"ನನ್ನಿಂದ ಆಗತ್ತಲ್ಲ! ನನ್ನನ್ನ ಹಿಡಕೊಂಡು ಹೋಗಿ ಓದು ಅಂದ್ರೆ ನಾನೆಷ್ಟು ದಿನ ತಡಕೊಂಡೇನು?"

ಮಾವ ಎಡಗೈಯಿಂದ ಒಂದು ನೋಟ್‌ಬುಕ್ಕು ಸವರಿದ. ಆಮೇಲೆ, "ಸುಡು. ಆದ್ರೆ ಒಂದ್ಸಲ ಓದಿ ಸುಡು," ಎಂದ.

"ಅಷ್ಟರಲ್ಲಿ ಬಾಗಿಲು ತಟ್ಟಿದ್ರೆ?"

"ಬೇಗ ಬೇಗ ಓದು."

ಇಪ್ಪತ್ತೇಳೂ ಮುಗಿಯಲು ನಾಲ್ಕು ಹಗಲು ಬೇಕಾಯಿತು. ಅತ್ತೆ ಓದಿದಳು, ನಾನು ಹಾಳೆ ಹರಿದು ಒಲೆಗೆ ಹಾಕಿದೆ. ಲೈಪ್‌ಜಿಗ್‌ನವನ ತಮಾಷೆಗೆ ಮಾವ ಕೆಮ್ಮು ಬರುವಷ್ಟು ನಕ್ಕ. ಮರುಗಳಿಗೆ ಆ ಹಾಳೆಯೂ ಒಲೆ ಸೇರಿತು. ಅದೇ ಒಲೆಯಲ್ಲಿ ಆಲೂಗಡ್ಡೆ ಸೂಪು ಬೆಂದಿತು. ಮೂವರ ಬಟ್ಟಲಲ್ಲೂ ಅದು ಹಾಗೇ ಆರಿತು.

ಏಪ್ರಿಲ್‌ನಲ್ಲಿ ಪೊಲೀಸರು ಬಂದರು. ದಿಂಬು ಸೀಳಿ ನೋಡಿದರು.

"ಜರ್ಮನಿಯಲ್ಲಿ ಯಾರ ಮನೇಲಿ ಇಳ್ಕೊಳ್ತಿದ್ದೆ?"

"ನೆನಪಿಲ್ಲ," ಎಂದ ಮಾವ. ಅದು ಸುಳ್ಳಾಗಿರಲಿಲ್ಲ. ಅವರು ಕೆನ್ನೆಗೆ ಹೊಡೆದರು. ಅವನ ಕಣ್ಣಲ್ಲಿ ನೀರು ಬಂತು, ಹೆಸರು ಬರಲಿಲ್ಲ.

ಆಮೇಲೆ ಅವನು ದಿನಾ ಕೇಳತೊಡಗಿದ: "ವ್ಲಾಸ್ತಾ, ನಾನು ಎಲ್ಲಾದ್ರೂ ಹೋಗಿದ್ನಾ?"

"ಹೋಗಿದ್ದೆ. ಮನೇಲಿ ಇದ್ದ ದಿನಾನೇ ಕಮ್ಮಿ."

"ಯಾರ ಹತ್ರ ಮಾತಾಡಿದ್ದೆ?"

ಅತ್ತೆ ಹೆಸರು ಹೇಳುತ್ತಿರಲಿಲ್ಲ. ಅವಳಿಗೆ ಎಲ್ಲ ಹೆಸರೂ ಬಾಯಿಪಾಠವಾಗಿದ್ದವು. ಹೇಳಿದರೆ ಅವನು ಯಾರೆದುರಾದರೂ ಅಂದುಬಿಡುತ್ತಾನೆಂಬ ಭಯ. "ತುಂಬಾ ಜನರ ಹತ್ರ," ಎಂದಷ್ಟೇ ಹೇಳಿ ಅಡುಗೆಮನೆಗೆ ಹೋಗುತ್ತಿದ್ದಳು. ಅಲ್ಲಿ ನಲ್ಲಿ ಬಿಟ್ಟು ಅಳುತ್ತಿದ್ದುದು ನನಗೆ ಕೇಳಿಸುತ್ತಿತ್ತು.

ಮುಂದಿನ ಶರತ್ಕಾಲದಲ್ಲಿ ಮಾವ ತೀರಿಕೊಂಡ. ಜೀವನವಿಡೀ ಬ್ರನೋ ಬಿಟ್ಟು ಕದಲದ ಗಿರಣಿ ಕೆಲಸಗಾರ ತಾನು ಎಂದು ಕೊನೆಗೆ ನಂಬಿದ್ದ.

ಯುದ್ಧ ಮುಗಿದ ಮೇಲೆ ಅತ್ತೆ ನೆನಪಿನಿಂದ ಮೂರು ವಿಳಾಸಗಳಿಗೆ ಕಾಗದ ಬರೆದಳು. ಎರಡು ಹಿಂದಿರುಗಿ ಬಂದವು. ಒಂದರ ಮೇಲೆ, ಆ ಬೀದಿಯೇ ಈಗಿಲ್ಲ ಎಂದು ಅಂಚೆಯವನು ಪೆನ್ಸಿಲಿನಲ್ಲಿ ಬರೆದಿದ್ದ. ಮೂರನೆಯದರ ಉತ್ತರಕ್ಕೆ ಅವಳು ಸಾಯುವವರೆಗೂ ಕಾದಳು.