ಅಕ್ಕ ಕೈ ಕಟ್ಟಿ ನಿಂತ ದಿನ

ನಾನು ಚಿಕ್ಕವನಿದ್ದಾಗ, ತಮಿಳುನಾಡಿನ ಕಂಬಂ ಕಣಿವೆಯ ನಮ್ಮ ದ್ರಾಕ್ಷಿ ತೋಟದಲ್ಲಿ, ಇಂಗ್ಲಿಷ್ ಪದಗಳನ್ನು ತುಂಡು ಮಾಡಿ ಎಣಿಸುವುದನ್ನು ಅಕ್ಕ ನನಗೆ ಕಲಿಸಿದಳು. ಅಕ್ಕ ಉಗ್ಗುತ್ತಿದ್ದಳು. ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಆದರೆ ಕತ್ತರಿ ಹಿಡಿದು, ಗೊಂಚಲಿನ ಸಣ್ಣ ಕಾಯಿಗಳನ್ನು ಬಿಡಿಸುತ್ತಾ ಹೇಳಿದರೆ ಮಾತು ಸಲೀಸಾಗಿ ಬರುತ್ತಿತ್ತು. ಅಂ, ಬ್ರೆ, ಲಾ. ಕತ್ತರಿ ಮೂರು ಸಲ ಕಚಕ್ ಎನ್ನುತ್ತಿತ್ತು. ಹುಳಿ ಕಾಯಿಗಳು ಕಾಲ ಬಳಿ ಉದುರುತ್ತಿದ್ದವು.

'ಗ್ರೇಪ್ಸ್' ಎರಡು ತುಂಡು ಎಂದೆ ನಾನು.

"ಒಂದೇ ಡಾ, ಮಂಕು! ಇನ್ನೊಂದು ಕತ್ತರ್ಸಿದ್ರೆ ಅಪ್ಪ ನಿನ್ ಕಿವಿ ಕತ್ತರ್ಸ್ತಾರೆ."

ಅವಳಿಗೆ ಪಟ್ಟಣದ ದೊಡ್ಡ ಶಾಲೆಗೆ ಸೇರುವ ಆಸೆ. ಹೆಡ್‌ಮಾಸ್ಟರು ಪ್ರಶ್ನೆ ಕೇಳಿಯೇ ಸೇರಿಸಿಕೊಳ್ಳುತ್ತಿದ್ದರು. ಅದಕ್ಕಾಗಿ ದಿನವೂ ಅಭ್ಯಾಸ ಮಾಡಿದಳು. ಕತ್ತರಿ ಇಲ್ಲದಾಗ ತೊಡೆಯ ಮೇಲೆ ಬೆರಳು ತಟ್ಟಿದರೂ ಸಾಕಾಗುತ್ತಿತ್ತು.

ಆ ಬೆಳಿಗ್ಗೆ ಅಪ್ಪ ಒಗೆದ ವೇಷ್ಟಿ ಉಟ್ಟು ನಮ್ಮಿಬ್ಬರನ್ನೂ ಬಸ್ಸಿನಲ್ಲಿ ಕರೆದೊಯ್ದರು. ಹೆಡ್‌ಮಾಸ್ಟರ ಕೋಣೆಯಲ್ಲಿ ಶಾಯಿಯ, ಹಳೆಯ ಕಾಗದದ ವಾಸನೆ. ಬಾಗಿಲಲ್ಲೇ ಅಪ್ಪ ಪಿಸುಗುಟ್ಟಿದರು:

"ದೊಡ್ಡೋರ ಮುಂದೆ ಕೈ ಕಟ್ಟಿ ನಿಲ್ಲು, ತಾಯಿ."

ಅಕ್ಕ ಕೈ ಕಟ್ಟಿದಳು. ನಮ್ಮ ಮನೆಯಲ್ಲಿ ಅಪ್ಪನ ಮಾತು ಮೀರುವ ರೂಢಿ ಇರಲಿಲ್ಲ.

ಹೆಡ್‌ಮಾಸ್ಟರು ಪುಸ್ತಕದಲ್ಲಿದ್ದ ಒಂದು ಹೆಸರನ್ನು ತೋರಿಸಿದರು: ಎಲಿಜಬೆತ್. ಓದಿ, ಎಷ್ಟು ತುಂಡು ಹೇಳು ಎಂದು ತಮಿಳಿನಲ್ಲಿ ಕೇಳಿದರು. ಅಕ್ಕ 'ಎ... ಎ...' ಎಂದಳು.

"ಅಪ್ಪಾ, ಅಕ್ಕನ ಕೈ ಬಿಡ್ಸಪ್ಪಾ," ಎಂದೆ.

"ಸುಮ್ನಿರು ಡಾ, ಸಾರ್ ಇದ್ದಾರೆ."

ಕಂಕುಳಲ್ಲಿ ಸಿಕ್ಕಿದ್ದ ಅವಳ ಬೆರಳುಗಳು ನಾಲ್ಕು ಸಲ ಅದುಮಿದ್ದು ನನಗೆ ಕಂಡಿತು. ಉತ್ತರ ಸರಿಯಾಗಿತ್ತು. ಅಷ್ಟರಲ್ಲಿ ಹೆಡ್‌ಮಾಸ್ಟರು ಪುಸ್ತಕ ಮುಚ್ಚಿ, ಪಾಪ, ಹುಡುಗಿ ಮನೆಯಲ್ಲೇ ಇರಲಿ ಎಂದುಬಿಟ್ಟರು.

ಹಿಂತಿರುಗುವಾಗ ಅಪ್ಪ, "ಬಾಳೆಹಣ್ಣು ತಿಂತೀಯಾ, ತಾಯಿ?" ಎಂದು ಎರಡು ಬಾರಿ ಕೇಳಿದರು. ಅಕ್ಕ ಕಿಟಕಿಯ ಕಡೆಯಿಂದ ಮುಖ ತಿರುಗಿಸಲಿಲ್ಲ. ಅವಳು ಮುಂದೆ ಓದಲಿಲ್ಲ. ಇಂಗ್ಲಿಷ್ ಪದವೊಂದನ್ನು ಅವಳ ಬಾಯಿಂದ ನಾನು ಮತ್ತೆ ಕೇಳಲೂ ಇಲ್ಲ.

ಮೊಮ್ಮಕ್ಕಳೇ, ನೀವು ಈಗ ತರಗತಿಯಲ್ಲಿ ಚಪ್ಪಾಳೆ ತಟ್ಟಿ, ಬೆಂಚು ಬಡಿದು ಪದಗಳನ್ನು ಎಣಿಸುತ್ತೀರಿ. ನಿಮ್ಮ ಟೀಚರೂ ಜೊತೆಗೆ ತಟ್ಟುತ್ತಾರೆ. ನಿಮ್ಮೊಡನೆ ಓದುವ ಹುಡುಗಿಯೊಬ್ಬಳು ಉಗ್ಗುತ್ತಾಳೆಂದು ಮೊನ್ನೆ ಹೇಳಿದಿರಿ. ಅವಳ ಸರದಿ ಬಂದಾಗ ಏನು ಮಾಡುತ್ತೀರಿ ಎಂದು ಕೇಳಿದೆ.

"ಕಾಯ್ತೀವಿ, ತಾತಾ."

ಎಷ್ಟು ಹೊತ್ತು ಎಂದೆ.

"ಅವಳು ಹೇಳಿ ಮುಗಿಸೋ ತಂಕ."