ಹಕ್ಕಿಗಳ ನೀರಿನಲ್ಲಿ ನಮ್ಮ ಚರಗ

ಕಳೆದ ಭಾನುವಾರ ಬೆಳಿಗ್ಗೆ ನಾಶಿಕ ಬಳಿಯ ನಾಂದೂರ್ ಮಧ್ಯಮೇಶ್ವರ ಪಕ್ಷಿಧಾಮದ ಗೇಟಿನ ಮುಂದೆ ನಮ್ಮ ಕನ್ನಡದವರ ನಾಲ್ಕು ಕಾರುಗಳಿಂದ ಇಳಿದ ಸಾಮಾನು ಹೀಗಿತ್ತು. ಕಾಳು, ಸೊಪ್ಪು ಬೆರೆಸಿ ಬೇಯಿಸಿದ ಭಜ್ಜಿ ತುಂಬಿದ ದೊಡ್ಡ ಪಾತೇಲಿ. ಅಂಬಲಿಯ ಎರಡು ಕ್ಯಾನು. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡುಬಿನ ಡಬ್ಬಿಗಳು. ಮೂರು ಜಮಖಾನೆ. ಒಂದು ಬ್ಲೂಟೂತ್ ಸ್ಪೀಕರ್.

ಬೈನಾಕ್ಯುಲರ್? ಒಂದೇ ಒಂದು. ಅದು ನನ್ನ ಮಗಳು ಅನ್ವಿಯ ಕೊರಳಲ್ಲಿತ್ತು.

(ಸ್ಪೀಕರನ್ನು ಗೇಟಿನವರು ತೆಗೆದಿರಿಸಿಕೊಂಡರು. ನಮ್ಮ ಗಂಟಲುಗಳನ್ನು ಇರಿಸಿಕೊಳ್ಳಲು ಅವರಲ್ಲಿ ವ್ಯವಸ್ಥೆ ಇರಲಿಲ್ಲ.)

ಪಕ್ಷಿಧಾಮಕ್ಕೂ ಭಜ್ಜಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಹೇಳುತ್ತೇನೆ. ನಮ್ಮ ಕಲಬುರಗಿ, ಬೀದರ ಕಡೆಯವರಿಗೆ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಇಲ್ಲದೆ ಚಳಿಗಾಲ ಕಳೆಯುವುದಿಲ್ಲ. ಅಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಬೇಕು. ಉಣ್ಣುವ ಮೊದಲು ರೊಟ್ಟಿ, ಭಜ್ಜಿ, ಕಡುಬು ಕಲಸಿ ಹೊಲದ ತುಂಬ ಚೆಲ್ಲಬೇಕು. ಅದೇ ಚರಗ. ಭೂತಾಯಿಗೆ, ಹಕ್ಕಿಪಕ್ಷಿಗೆ, ಹುಳಹುಪ್ಪಡಿಗೆ ಅವರವರ ಪಾಲು. ಮುಂದೆ ಹೋಗುವವರು "ಹುಲ್ಲುಲ್ಲಿಗೋ" ಎಂದು ಕೂಗುತ್ತಾರೆ. ಹಿಂದೆ ಬರುವವರು ಗಂಟಲು ಹರಿಯುವಂತೆ "ಸಲಾಂಬ್ರಿಗೋ" ಎನ್ನಬೇಕು. ಅರ್ಥ ಕೇಳಬೇಡಿ, ನನಗೂ ಗೊತ್ತಿಲ್ಲ. ನಡೆಯಲು ಕಲಿತಾಗಿನಿಂದ ಕೂಗಿದ್ದೇನೆ, ಅಷ್ಟೇ.

ಈಗ ವರ್ಗವಾಗಿ ನಾಶಿಕಕ್ಕೆ ಬಂದ ಬ್ಯಾಂಕಿನವನಿಗೆ ಹೊಲ ಎಲ್ಲಿಂದ ಬರಬೇಕು? ಹೋದ ವರ್ಷ ಪರಿಚಯದವರೊಬ್ಬರ ದ್ರಾಕ್ಷಿ ತೋಟಕ್ಕೆ ಹೋಗಿದ್ದೆವು. ಈ ವರ್ಷ ಅವರು, ಔಷಧಿ ಹೊಡೆದಿದ್ದೇವೆ, ದಯವಿಟ್ಟು ಬರಬೇಡಿ ಎಂದುಬಿಟ್ಟರು. ಅಮಾವಾಸ್ಯೆ ಬಂದದ್ದು ವಾರದ ನಡುವೆ. ರಜೆ ಸಿಗುವುದಿಲ್ಲವಾದ್ದರಿಂದ ಹಬ್ಬವನ್ನೇ ಭಾನುವಾರಕ್ಕೆ ಎಳೆದೆವು. ಜಾಗ ಯಾವುದು ಎಂದು ವಾಟ್ಸಾಪ್ ಗ್ರೂಪಿನಲ್ಲಿ ಚರ್ಚೆ ನಡೆದಾಗ "ಪಕ್ಷಿಧಾಮಕ್ಕೆ ಹೋಗೋಣ" ಎಂದವನು ನಾನೇ.

ಅದರಲ್ಲಿ ನನ್ನ ಸ್ವಾರ್ಥವಿತ್ತು. ಹನ್ನೊಂದು ವರ್ಷದ ಅನ್ವಿಗೆ ಕ್ರೌಂಚ ಪಕ್ಷಿಯ ಹುಚ್ಚು. ಚಳಿಗಾಲದಲ್ಲಿ ಎಲ್ಲೋ ಹಿಮದ ನಾಡಿನಿಂದ ಈ ನೀರಿಗೆ ಬಂದಿಳಿಯುವ, ಆಳೆತ್ತರದ ಬೂದು ಹಕ್ಕಿ. ಹೋದ ಚಳಿಗಾಲದಲ್ಲಿ ಎರಡು ಸಲ ಕರೆದುಕೊಂಡು ಹೋಗಿದ್ದೆ, ಎರಡು ಸಲವೂ ಕಾಣಲಿಲ್ಲ. ಏಪ್ರಿಲ್‌ನಲ್ಲಿ ನನಗೆ ಮತ್ತೆ ವರ್ಗ. ನಾಶಿಕದಲ್ಲಿ ಅವಳಿಗೆ ಇದೇ ಕಡೆಯ ಚಳಿಗಾಲ. ಶುಕ್ರವಾರ ಅಲ್ಲಿನ ಗೈಡ್ ದತ್ತೂಭಾವು ಫೋನ್ ಮಾಡಿ, ಹಿಂಡು ಇಳಿದಿದೆ, ಬೇಗ ಬನ್ನಿ ಎಂದಿದ್ದ.

ಹಾಗಾಗಿ ಗ್ರೂಪಿನಲ್ಲಿ ನಿಯಮ ಹಾಕಿದೆ. ಊಟ ಗೇಟಿನ ಹೊರಗೆ, ಬೇವಿನ ಗಿಡದ ಕೆಳಗೆ. ಒಳಗೆ ಗದ್ದಲ ಬೇಡ. ಎಲ್ಲರೂ ಹೆಬ್ಬೆರಳು ಎತ್ತಿದರು. ನಮ್ಮವರಿಗೆ ಹೆಬ್ಬೆರಳು ಎತ್ತುವುದೆಂದರೆ ಓದಿದ್ದೇವೆ ಎಂದಲ್ಲ, ಮೆಸೇಜ್ ಬಂದಿದೆ ಎಂದು!

ನಾನು, ಅನ್ವಿ, ದತ್ತೂಭಾವು ವೀಕ್ಷಣಾ ಗೋಪುರ ಹತ್ತಿದೆವು. ನೀರಿನ ಮೇಲೆ ದಟ್ಟ ಮಂಜು. ಗೈಡ್ ತನ್ನ ಟೆಲಿಸ್ಕೋಪನ್ನು ಒಂದು ದಿಬ್ಬದ ಕಡೆ ತಿರುಗಿಸಿ ನಿಲ್ಲಿಸಿದ. ಅಲ್ಲಿವೆ, ಮಂಜು ಸರಿಯಲಿ ಎಂದ. ಒಂದು ತಾಸು ನನ್ನ ಮಗಳು ಅಲುಗಾಡಲಿಲ್ಲ. ಮನೆಯಲ್ಲಿ ಹತ್ತು ನಿಮಿಷ ಒಂದು ಕಡೆ ಕೂರದ ಹುಡುಗಿ ಅದು. ಕೆಮ್ಮು ಬಂದರೆ ಸ್ವೆಟರ್ ತೋಳಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಅಪ್ಪಾ, ಏನೋ ಗ್ರೇ ಗ್ರೇ ಕಾಣ್ತದ," ಎಂದಳು ಪಿಸುಮಾತಿನಲ್ಲಿ. ಕನ್ನಡ ಅವಳಿಗೆ ತಿಳಿಯುವಷ್ಟು ಆಡಲು ಬರುವುದಿಲ್ಲ. ಬಂದಷ್ಟನ್ನು ನನಗಾಗಿಯೇ ಖರ್ಚು ಮಾಡುತ್ತಾಳೆ.

ಮಂಜು ತೆಳುವಾಗತೊಡಗಿತು. ಆಗ ಕೆಳಗಿನಿಂದ ಕೇಳಿತು.

"ಹುಲ್ಲುಲ್ಲಿಗೋ!"

ಶರಣಪ್ಪ ಕಾಕಾ. ನಾಶಿಕದ ಅಂಬಡ್‌ನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ, ಆಳಂದ ಕಡೆಯ ಹಿರಿಯರು. ಬುಟ್ಟಿಯಲ್ಲಿ ಚರಗ ಹೊತ್ತು, ಹಿಂದೆ ಹದಿನೈದು ಮಂದಿಯನ್ನು ಕಟ್ಟಿಕೊಂಡು ನೀರಿನ ಅಂಚಿಗೇ ಬಂದುಬಿಟ್ಟಿದ್ದರು. ನನ್ನ ಮೈಯೆಲ್ಲ ಉರಿದುಹೋಯಿತು. ಸುಮ್ಮನಿರಿ ಎಂದು ಕೈ ಬೀಸಲು ಕಟ್ಟೆಯ ಹೊರಗೆ ಬಾಗಿದೆ.

ಬಾಯಿ ತೆರೆದೆ. ಅದರಿಂದ ಹೊರಬಿದ್ದದ್ದು ಏನು ಗೊತ್ತೇ?

"ಸಲಾಂಬ್ರಿಗೋ!"

ಹೌದು. ನಾನೇ. ಗೋಪುರದ ಮೇಲಿಂದ, ಪೂರ್ತಿ ದನಿಯಲ್ಲಿ. ನಲವತ್ತು ವರ್ಷದ ಅಭ್ಯಾಸ ನನ್ನನ್ನು ಕೇಳಿ ಕೂಗಲಿಲ್ಲ. ಕೆಳಗಿನ ಹದಿನೈದು ಮಂದಿಗೆ ಅಷ್ಟೇ ಸಾಕಿತ್ತು, ಅವರೂ ದನಿಗೂಡಿಸಿದರು.

ಇಡೀ ನೀರು ಎದ್ದು ನಿಂತಂತಾಯಿತು. ಬಾತುಗಳು, ಕೊಕ್ಕರೆಗಳು, ಹೆಸರು ಗೊತ್ತಿಲ್ಲದ ಸಾವಿರಾರು ರೆಕ್ಕೆಗಳು. ಆ ಗಲಿಬಿಲಿಯಲ್ಲಿ ಬೂದು ಹಿಂಡು ದೂರದ ಕಬ್ಬಿನ ಹೊಲಗಳ ಆಚೆ ಕರಗಿಹೋಯಿತು. ಅನ್ವಿ ಟೆಲಿಸ್ಕೋಪಿಗೆ ಕಣ್ಣು ಹಚ್ಚಿದಾಗ ಅಲ್ಲಿ ಬರೀ ಕೆಸರಿತ್ತು.

"ಗೇಲೇ," ಎಂದ ದತ್ತೂಭಾವು. ಹೋದವು. ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಷ್ಟು ದೂರದಿಂದ ಹಾರಿ ಬಂದು ಸೊರಗಿರುತ್ತವೆ ಸಾಹೇಬ್, ಹೀಗೆ ಎಬ್ಬಿಸಿದಷ್ಟೂ ತಿಂದದ್ದೆಲ್ಲ ಹಾರುವುದಕ್ಕೇ ಸರಿಹೋಗುತ್ತದೆ ಎಂದು ಮರಾಠಿಯಲ್ಲಿ ಹೇಳಿ ಟೆಲಿಸ್ಕೋಪ್ ಮಡಚಿದ.

ನಾನು ಕೆಳಗಿಳಿದು ಹೋಗಿ ಶರಣಪ್ಪ ಕಾಕಾ ಮೇಲೆ ಹರಿಹಾಯ್ದೆ.

"ಏನ್ ಮಾಡ್ಲತ್ತೀರಿ ಕಾಕಾ? ಒಳಗ ಗದ್ದಲ ಬ್ಯಾಡ ಅಂತ ಹೇಳಿದ್ದಿಲ್ಲೇನ್ರಿ?"

"ಅದೇನ್ ಗದ್ದಲ ಏನ್ರಿ ಸಾಹೇಬ್ರ? ಚರಗ ಅದ. ಹಕ್ಕಿಗೇ ಹಾಕ್ಲತ್ತೀವಿ," ಎಂದರು ಅವರು, ನಿಜವಾಗಿಯೂ ನೊಂದುಕೊಂಡು. ಆಮೇಲೆ ಮೆಲ್ಲಗೆ ಸೇರಿಸಿದರು. "ಮತ್ತ ನೀವೂ ಒದರಿದ್ರಲ್ರಿ."



ಹಕ್ಕಿಯ ಪಾಲು ಹಕ್ಕಿಗೆ ಎಂದು ಹುಟ್ಟಿದ ಹಬ್ಬ. ಅದನ್ನು ಹಕ್ಕಿಯನ್ನೇ ಓಡಿಸಿ ಆಚರಿಸಿದೆವಲ್ಲ, ನಮಗೆ ಏನನ್ನಬೇಕು? ನಮ್ಮ ಹೊಲದಲ್ಲಿ ಕೂಗಿದರೆ ಹಬ್ಬ. ಇನ್ನೊಬ್ಬರ ಮನೆಯ ಪಡಸಾಲೆಯಲ್ಲಿ ನಿಂತು ಕೂಗಿದರೆ? ಅಲ್ಲಿ ಮಲಗಿದವರು ಯಾರು, ಎಷ್ಟು ದಣಿದು ಬಂದಿದ್ದಾರೆ ಎಂದು ಕೇಳುವ ಸೌಜನ್ಯವೂ ಬೇಡವೇ?

ಇದು ನಮ್ಮ ಗುಂಪಿನದಷ್ಟೇ ಕಥೆಯಲ್ಲ. ಕನ್ನಡ ತಾಲ್ಲೂಕಿನ (ಹೌದು, ಇಲ್ಲಿನ ಸಂಭಾಜಿನಗರ ಜಿಲ್ಲೆಯಲ್ಲಿ ಆ ಹೆಸರಿನ ಊರೇ ಇದೆ) ಗೌತಾಳಾ ಕಾಡಿಗೆ ಹೋಗಿ ಬಂದ ಸಹೋದ್ಯೋಗಿಯೊಬ್ಬರನ್ನು, ಹೇಗಿತ್ತು ಎಂದು ಕೇಳಿದ್ದೆ. "ಏನೂ ಇಲ್ರಿ ಅಲ್ಲಿ, ಬರೀ ಗಿಡ ಅದಾವ," ಎಂದರು. ಕಾಡಿಗೆ ಹೋಗಿ ಗಿಡ ಕಂಡು ನಿರಾಶರಾದವರು! ಸಫಾರಿ ಜೀಪಿನಲ್ಲಿ ಹುಲಿ ಕಾಣದಿದ್ದರೆ ಡ್ರೈವರನಿಗೆ ಗದರುತ್ತೇವೆ. ಕಂಡರೆ ಅದರ ಮುಖಕ್ಕೇ ಮೊಬೈಲ್ ಹಿಡಿಯುತ್ತೇವೆ. ಟಿಕೆಟ್ ತೆಗೆದುಕೊಂಡ ಮಾತ್ರಕ್ಕೆ ಕಾಡು ನಮ್ಮ ಮುಂದೆ ಬಂದು ಕುಣಿಯಬೇಕೇ? ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನ ಪಟ್ಟಿಯಲ್ಲಿ ಈಗ ನನ್ನ ಹೆಸರು ಎಲ್ಲರಿಗಿಂತ ಮೇಲಿದೆ.

ಮರುದಿನ ಗ್ರೂಪಿನಲ್ಲಿ ಯಾರೋ ವಿಡಿಯೋ ಹಾಕಿದರು. ಆಕಾಶದ ತುಂಬ ಹಕ್ಕಿ, ಹಿನ್ನೆಲೆಯಲ್ಲಿ ನಮ್ಮ ಕೂಗು. ಕೆಳಗೆ ಬರಹ: "ನಮ್ಮ ಚರಗ ಸ್ವೀಕರಿಸಲು ಬಂದ ಪಕ್ಷಿಸಂಕುಲ. ಭೂತಾಯಿಯ ಆಶೀರ್ವಾದ." ಅದರ ಕೆಳಗೆ ಕೈ ಮುಗಿದ ಚಿತ್ರಗಳ ಸಾಲು. "ಬಂದದ್ದಲ್ಲ, ಜೀವಭಯದಿಂದ ಓಡಿದ್ದು" ಎಂದು ಬರೆದು ಕಳಿಸಿದೆ. ಅದಕ್ಕೂ ಇಬ್ಬರು ಹೆಬ್ಬೆರಳು ಎತ್ತಿದರು.

ಬುಧವಾರ ದತ್ತೂಭಾವುಗೆ ಫೋನ್ ಮಾಡಿದೆ. ಹಿಂಡು ವಾಪಸ್ ಬಂದಿಲ್ಲವಂತೆ. ಬರುವ ನಂಬಿಕೆ ಅವನಿಗಿಲ್ಲ.

ಸಂಜೆ ಅನ್ವಿಯ ಪಕ್ಕ ಕುಳಿತು ವಿಷಯ ತಿಳಿಸಿದೆ. "ನಂದೇ ತಪ್ಪು ಪುಟ್ಟಾ, ಸಾರಿ," ಎಂದೆ. ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಕನ್ನಡದಲ್ಲೇ ಶಬ್ದ ಹುಡುಕಿ ಹುಡುಕಿ ಹೇಳಿದಳು.

"ನನಗ್ಯಾಕ ಸಾರಿ ಅಂತಿ ಅಪ್ಪಾ? ಹೆದರಿ ಓಡಿ ಹೋಗಿದ್ದು ನಾ ಅಲ್ಲಲ್ಲ?"