ಕೆಂಪು ದೀಪದ ಮೇಲಿನ ಟೇಪು

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕತ್ತರಿ ಮೇಡಂ ಎನ್ನುತ್ತಿದ್ದರು. ಅಡುಗೆಮನೆಯ ಕರೆಂಟ್ ಉಪಕರಣಗಳಿಗೆ ರೂಪ ಕೊಡುವುದು ಅವಳ ಕೆಲಸ. ಹೊಸ ಮಾದರಿ ಎಂದರೆ ಬೇರೆಯವರು ಇನ್ನೊಂದು ಗುಂಡಿ ಸೇರಿಸುವರು. ಇವಳು ಇದ್ದುದರಲ್ಲಿ ಒಂದನ್ನು ತೆಗೆಯುವಳು. ಇಲ್ಲದಿದ್ದರೂ ನಡೆಯುವುದಾದರೆ ಅದು ಇರುವುದೇಕೆ ಎಂಬುದು ಅವಳ ಪ್ರಶ್ನೆ. ಬೇಡದ್ದೊಂದು ಕಣ್ಣಿಗೆ ಬಿದ್ದರೆ ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿದ ಹಾಗೆ, ತೆಗೆಯುವವರೆಗೆ ಸಮಾಧಾನವಿಲ್ಲ. ಊಟಕ್ಕೆ ಕೂತರೂ ಕಣ್ಣು ಏನನ್ನೋ ಹುಡುಕುತ್ತಲೇ ಇರುತ್ತಿತ್ತು.

ತೆಗೆಯುವ ಮೊದಲು ಒಂದು ಪರೀಕ್ಷೆ ಇತ್ತು. ಮಾದರಿಯನ್ನು ಮನೆಗೆ ತಂದು, ಅನುಮಾನ ಬಂದ ಭಾಗದ ಮೇಲೆ ಕಾಗದದ ಟೇಪು ಅಂಟಿಸಿ, ಯಾರಿಗೂ ಏನೂ ಹೇಳದೆ ಅಡುಗೆಮನೆಯಲ್ಲಿ ಇಡುವಳು. ಆ ಭಾಗ ಬೇಕೆನಿಸಿದವರು ಟೇಪು ಕೀಳುತ್ತಾರೆ. ವಾರ ಕಳೆದರೂ ಯಾರೂ ಕೀಳದಿದ್ದರೆ ಅದು ಬೇಡ ಎಂದರ್ಥ. ಮನೆಯಲ್ಲಿ ಅಡುಗೆ ಅತ್ತೆಯದು. ಸುಮ್ಮನೆ ಕೂತರೆ ತನಗೂ ಟೇಪು ಬೀಳುತ್ತದೆಂದು ಗಂಡ ಅವಳನ್ನು ಕಂಡ ಕೂಡಲೇ ತಟ್ಟೆ ತೊಳೆಯಲು ಏಳುತ್ತಿದ್ದ.

ಈ ಸಲ ಬಂದದ್ದು ಕರೆಂಟ್ ಒಲೆ. ಪಾತ್ರೆ ಕಾಯಿಸುವ ಒಂದು ಬಿಲ್ಲೆ, ತಿರುಗಿಸುವ ಗುಂಡಿ, ಬಿಲ್ಲೆ ಬಿಸಿಯಿರುವಷ್ಟು ಹೊತ್ತು ಉರಿಯುವ ಕೆಂಪು ದೀಪ. ಒಲೆ ಹೊತ್ತಿದೆಯೋ ಆರಿದೆಯೋ ಗುಂಡಿಯೇ ಹೇಳುವಾಗ ದೀಪವೇಕೆ? ಟೇಪು ಬಿತ್ತು. ವಾರ ಕಳೆದರೂ ಹಾಗೇ ಇತ್ತು. ದೀಪಕ್ಕೆ ಜಾಗವಿಲ್ಲದ ನಕ್ಷೆಗೆ ಸಹಿ ಹಾಕಿ ಅಚ್ಚಿನ ಮೇಸ್ತ್ರಿಗೆ ಕೊಟ್ಟಳು. ಮರುದಿನ ಅವನು ಒಲೆಯ ಮೈ ಎರೆಯುವ ಅಚ್ಚಿನ ಉಕ್ಕು ಕೊರೆಯಲಿದ್ದ. ಕೊರೆದ ಮೇಲೆ ಮುಗಿಯಿತು. ಸಾವಿರಾರು ಮನೆಗಳಿಗೆ ಅದೇ ಒಲೆ ಹೋಗುತ್ತದೆ.

ಬೆಳಿಗ್ಗೆ ಚಡಪಡಿಸುತ್ತ ಬೇಗ ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅತ್ತೆ ಹಾಲು ಇಳಿಸಿ ಒಲೆ ಆರಿಸಿದರು. ಸ್ವಲ್ಪ ಹೊತ್ತಿಗೆ ಒರೆಸುವ ಬಟ್ಟೆ ಹಿಡಿದು ಬಂದವರು, ಬೆರಳು ನೀರಿಗದ್ದಿ ಬಿಲ್ಲೆಯ ಮೇಲೆ ಒಂದು ಹನಿ ಚಿಮುಕಿಸಿದರು. ಚುಂಯ್ ಎಂದಿತು. ಹಿಂದೆ ಸರಿದರು. ಕಾದು ಮತ್ತೆ ಚಿಮುಕಿಸಿದರು. ತೋರುಬೆರಳಿನ ತುದಿಯಲ್ಲಿ ಬೊಬ್ಬೆ ಒಣಗಿದ ಗುರುತಿತ್ತು.

“ಇದೇನತ್ತೆ ಬೆರಳಿಗೆ?”

“ಮೊದಲ್ನೇ ದಿನ ತಣ್ಣಗಾಗಿದೆ ಅಂದ್ಕೊಂಡು ಮುಟ್ಟಿಬಿಟ್ಟೆ. ಆಮೇಲೆ ಈ ನೀರಿನ ಉಪಾಯ ಹೊಳೀತು.”

“ಟೇಪು ಕಿತ್ತಿದ್ರೆ ದೀಪ ಕಾಣ್ತಿತ್ತಲ್ಲ.”

“ನೀನು ಅಂಟಿಸಿದ್ದನ್ನ ನಾನು ಕೀಳೋದಾ? ನಿನ್ನ ಕೆಲಸ ಕೆಟ್ರೆ? ನಿನ್ನ ಗಂಡ ಕೀಳೋಕೆ ಬಂದಿದ್ದ, ಕೈಮೇಲೆ ಒಂದು ಕೊಟ್ಟೆ.”

ಅವಳು ಮೇಸ್ತ್ರಿಗೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ; ಯಂತ್ರಗಳ ಸದ್ದಿನಲ್ಲಿ ಕೇಳಿಸಿರಲಾರದು. ತಲೆ ಕೂಡ ಬಾಚದೆ ಓಡಿದಳು. ಅವಳು ತಲುಪಿದಾಗ ಉಕ್ಕನ್ನು ಯಂತ್ರಕ್ಕೆ ಬಿಗಿದಾಗಿತ್ತು; ಮೇಸ್ತ್ರಿಯ ಕೈ ಸ್ವಿಚ್ಚಿನ ಮೇಲಿತ್ತು. ನಿಲ್ಲಿಸಿ, ದೀಪಕ್ಕೊಂದು ತೂತು ಬೇಕು ಎಂದಳು.

“ಕತ್ತರಿ ಮೇಡಂ ಸೇರ್ಸೋಕೆ ಬಂದ್ರಾ? ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?” ಎಂದು ಗೊಣಗುತ್ತಲೇ ಅವನು ನಕ್ಷೆ ಹರಡಿದ.

ತೂತಿನ ಜಾಗ ಗುರುತಾಯಿತು. ಅವಳ ಚಡಪಡಿಕೆ ಮಾತ್ರ ಇಳಿಯಲಿಲ್ಲ. ಇಷ್ಟು ವರ್ಷ ಅವಳು ತೆಗೆದದ್ದೆಲ್ಲ ಇದೇ ಪರೀಕ್ಷೆ ದಾಟಿ ಹೋದದ್ದು. ಪ್ರತಿಸಲವೂ ಆ ಟೇಪಿನ ಮುಂದೆ ನಿಂತವರು ಇದೇ ಅತ್ತೆ.

ಸಂಜೆ ಚಪ್ಪಲಿ ಬಿಡುತ್ತಲೇ ಕೇಳಿದಳು: “ಅತ್ತೆ, ಇನ್ನೂ ಏನೇನು ಕೀಳದೆ ಬಿಟ್ಟಿದ್ದೀರಿ?”

ಅತ್ತೆ ಒದ್ದೆ ಕೈ ಒರೆಸಿಕೊಂಡರು. “ಕೂತ್ಕೋ, ಹೇಳ್ತೀನಿ. ಮೊದಲು ಆ ಕೆಟಲ್ ತಗೊಂಡು ಬಾ.”

ಅವಳಿಗೆ ಬಹುಮಾನ ತಂದುಕೊಟ್ಟ ಕೆಟಲ್ ಅದು. ಅವಳು ಕೂರದೆ ಕಪಾಟಿನ ಕಡೆ ನಡೆದಳು.